ಬಂದೂಕಿನ ಗವಸು

ಚುನಾವಣೆಯ ದಿನಾಂಕ ಪ್ರಕಟವಾದ ವಾರದಲ್ಲೇ ಪೊಲೀಸ್ ಠಾಣೆಯಿಂದ ಮಾವನವರಿಗೆ ಫೋನ್ ಬಂತು. ಲೈಸೆನ್ಸ್ ಇರುವವರೆಲ್ಲ ತಮ್ಮ ಬಂದೂಕನ್ನು ತಂದು ಠಾಣೆಗೆ ಒಪ್ಪಿಸಬೇಕು, ಫಲಿತಾಂಶವೆಲ್ಲ ಮುಗಿದ ಮೇಲೆ ಮರಳಿ ಒಯ್ಯಬಹುದು. ಪ್ರತಿ ಚುನಾವಣೆಗೂ ಇದು ಇದ್ದದ್ದೇ. ಆದರೂ ಮಾವನವರು ಫೋನ್ ಕೆಳಗಿಟ್ಟು ಬಂದೂಕು ತೂಗುತ್ತಿದ್ದ ನಡುಮನೆಯ ಗೋಡೆಯ ಕಡೆ ನೋಡಿದಾಗ, ಮನೆಯ ಹಿರಿಯರೊಬ್ಬರನ್ನು ಯಾರೋ ಕರೆದೊಯ್ಯಲು ಬಂದಿದ್ದಾರೇನೋ ಎಂಬಂತೆ ಅವರ ಮುಖ ಸಣ್ಣದಾಗಿತ್ತು.

ನಮ್ಮ ಮನೆ ದೇವಸಮುದ್ರದಿಂದ ಆಚೆಗೆ, ಬಂಡೆಗಳ ಗುಡ್ಡದ ಬುಡದಲ್ಲಿ, ಊರಿನಿಂದ ಬಿಡಿಯಾಗಿ ನಿಂತಿದೆ. ಮಾವ ಏಕಾಂತಪ್ಪನವರು ವಯಸ್ಸಿನಲ್ಲಿದ್ದಾಗ ಹಟ ಹಿಡಿದು ಹೊಲದಲ್ಲೇ ಕಟ್ಟಿಸಿದ್ದು. ನನ್ನ ಗಂಡ ಸಂಗಮೇಶ್ ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುತ್ತಾರೆ. ಮಾಲು ಬರುವ ದಿನಗಳಲ್ಲಿ ಅಲ್ಲೇ ಉಳಿದುಬಿಡುತ್ತಾರೆ. ಅತ್ತೆ ತೀರಿಕೊಂಡ ಮೇಲೆ ಎಷ್ಟೋ ದಿನ ಮನೆಯಲ್ಲಿ ಮಾವ, ನಾನು ಇಬ್ಬರೇ. ನಾನು ಮೊಳಕಾಲ್ಮೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬೆಳೆದದ್ದು ಚಳ್ಳಕೆರೆಯ ಪೇಟೆಯೊಳಗೆ, ಪಕ್ಕದ ಮನೆಯವರು ಕೆಮ್ಮಿದರೂ ಕೇಳಿಸುವಂಥ ಬೀದಿಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಹೊತ್ತು ಮುಳುಗಿತೆಂದರೆ ಪ್ರತಿ ಸದ್ದಿಗೂ ಒಂದು ಕಾರಣ ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಕಾರಣ ಸಿಗುವ ತನಕ ಕೈಯಲ್ಲಿರುವ ಕೆಲಸ ಮುಂದುವರಿಯುವುದಿಲ್ಲ.

ಬಂದೂಕನ್ನು ಮನೆಯಲ್ಲಿ ಉಳಿಸಿದವಳೂ ನಾನೇ. ಕೆಲವು ವರ್ಷಗಳ ಹಿಂದೆ ಮಾವನವರು, ಕಣ್ಣು ಮಂಜಾಗಿದೆ, ಲೈಸೆನ್ಸ್ ಒಪ್ಪಿಸಿಬಿಡುತ್ತೇನೆ ಎಂದಿದ್ದರು. ನಾನು ಬೇಡವೆಂದೆ. ಹೊಡೆಯಲಿ ಬಿಡಲಿ, ಮನೆಯಲ್ಲಿ ಒಂದಿದೆ ಎಂದು ನಾಲ್ಕು ಜನಕ್ಕೆ ಗೊತ್ತಿದ್ದರೆ ಸಾಕು ಎಂದು ವಾದಿಸಿದೆ. ನನ್ನ ವಾದ ತಪ್ಪೆಂದು ಆಗ ಯಾರಿಗೂ ಅನ್ನಿಸಲಿಲ್ಲ. ಸುತ್ತಲಿನ ಹೊಲಗಳಲ್ಲಿ ಬೋರ್‌ವೆಲ್ಲಿನ ತಾಮ್ರದ ಕೇಬಲ್ಲನ್ನು ಕಳ್ಳರು ಕತ್ತರಿಸಿ ಒಯ್ಯುತ್ತಿದ್ದ ಕಾಲದಲ್ಲೂ, ಬಂದೂಕು ಮನೆಯಲ್ಲಿರುವ ತನಕ ನಮ್ಮ ಹೊಲಕ್ಕೆ ಕಾಲಿಡಲಿಲ್ಲ. ನಮ್ಮ ಹೊಲಕ್ಕೆ ಹೊಂದಿಕೊಂಡಂತಿದ್ದ ಕಾಟಣ್ಣನ ಹೊಲಕ್ಕೂ ಅದರ ನೆರಳು ಸಿಕ್ಕಿತು.

ಕಾಟಣ್ಣ ಎಂದರೆ ಕಾಟಪ್ಪ. ಹೊಲಗಳಾಚೆಯ ಹಟ್ಟಿಯವನು. ಮನೆಯಲ್ಲಿ ತೆಲುಗು, ನಮ್ಮೊಂದಿಗೆ ಕನ್ನಡ. ಅವನ ಹೆಂಡತಿ ಯರ್ರಮ್ಮ ನಾನು ಸೊಸೆಯಾಗಿ ಬಂದಾಗಿನಿಂದ ನಮ್ಮ ಮನೆಗೆ ಮಜ್ಜಿಗೆಗೋ ಮಾತಿಗೋ ಬರುವವಳು, ನನ್ನನ್ನು ಗೌರಮ್ಮ ಎಂದು ಹೆಸರು ಹಿಡಿದೇ ಕರೆಯುವವಳು. ಮಗಳು ನಾಗರತ್ನ ಮನೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುತ್ತಾಳೆ.

ಗುಡ್ಡದಲ್ಲಿ ಕರಡಿಗಳಿವೆ. ಬೇಸಿಗೆಯಲ್ಲಿ ನೀರಿಗೂ ಶೇಂಗಾಕ್ಕೂ ಕೆಳಗಿಳಿಯುತ್ತವೆ. ನಮ್ಮ ಕಡೆ ಬೋರ್‌ವೆಲ್ಲಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುವುದು ಬೆಳಗಿನ ಜಾವಕ್ಕೆ, ಸರಿಯಾಗಿ ಅವು ಗುಡ್ಡಕ್ಕೆ ಮರಳುವ ಹೊತ್ತಿಗೆ. ಅದಕ್ಕಾಗಿ ಹಟ್ಟಿಯವರಲ್ಲಿ ಡಬ್ಬದ ಸರದಿ ಎಂಬುದೊಂದು ಇತ್ತು. ಗುಡ್ಡದ ಬುಡದಲ್ಲಿ ಹೊಲ ಇದ್ದವರೆಲ್ಲ ಹುಣಸೆಮರದ ಹತ್ತಿರ ಸೇರುತ್ತಿದ್ದರು. ಖಾಲಿ ಎಣ್ಣೆ ಡಬ್ಬ ಬಡಿಯುತ್ತಾ, ಬೇಕೆಂದೇ ಜೋರಾಗಿ ಮಾತಾಡುತ್ತಾ, ಒಬ್ಬರನ್ನೊಬ್ಬರು ಬೈಯುತ್ತಾ ಗುಂಪಾಗಿ ಹೋಗಿ ಒಂದೊಂದೇ ಮೋಟರ್ ಹಾಕಿ ಬರುತ್ತಿದ್ದರು. ದಿನಕ್ಕೊಂದು ಮನೆಯವರು ಡಬ್ಬ ಬಡಿಯಬೇಕು. ಬಡಿಯುವುದರಲ್ಲಿ ಕಾಟಣ್ಣನ ಕೈ ಎಲ್ಲರಿಗಿಂತ ಮೇಲು. ನಾನು ಹಾಸಿಗೆಯಲ್ಲಿ ಮಲಗಿಯೇ, ಇವತ್ತು ಅವನ ಸರದಿ ಎಂದು ಗುರುತಿಸುತ್ತಿದ್ದೆ.

ಒಂದು ಬೇಸಿಗೆ ಕರಡಿಯೊಂದು ಗುಂಪಿಗೆ ತೀರಾ ಹತ್ತಿರ ಬಂದಾಗ ಮಾವನವರು ಜಗುಲಿಯಿಂದ ಆಕಾಶಕ್ಕೆ ಗುಂಡು ಹಾರಿಸಿದರು. ಕರಡಿ ಓಡಿತು. ಮರುವರ್ಷವೂ ಹಾಗೇ ಆಯಿತು. ಆಮೇಲೆ ಮಾವನವರೇ ಹೇಳಿದರಂತೆ, ಒಂದು ಕೂಗು ಹಾಕಿದರೆ ಸಾಕು, ನಾನಿದ್ದೇನೆ ಎಂದು. ಎದ್ದು, ಕೂಡಿ, ಕಾದು ಹೋಗುವ ತಾಪತ್ರಯ ಯಾರಿಗೆ ಬೇಕು? ಸರದಿ ತಪ್ಪತೊಡಗಿತು. ಒಬ್ಬೊಬ್ಬರೇ, ತಮತಮಗೆ ಅನುಕೂಲವಾದಾಗ, ಮೊಬೈಲಿನ ಬೆಳಕಿನಲ್ಲಿ ಹೋಗಿ ಮೋಟರ್ ಹಾಕಿ ಬರಲು ಶುರುಮಾಡಿದರು. ಬೆಳಗಿನ ಜಾವ ನಿಶ್ಶಬ್ದವಾಯಿತು. ನನಗೆ ಅದು ಹಿತವಾಗಿತ್ತು ಎಂಬುದನ್ನೂ ಬರೆಯಬೇಕು.

ಹೀಗಿರುವಾಗ ಆ ಫೋನು. ಹಿಂದೊಂದು ಚುನಾವಣೆಯಲ್ಲಿ, ಹಟ್ಟಿಯವರ ಜೊತೆ ಹೀಗೆ ನೆಚ್ಚಿಕೆ ಬೆಳೆಯುವುದಕ್ಕೂ ಮೊದಲು, ಬಂದೂಕು ಠಾಣೆಗೆ ಹೋಗಿದೆ ಎಂಬ ಸುದ್ದಿ ಹರಡಿದ್ದೇ ತಡ, ನಮ್ಮ ಎರಡು ಮೋಟರಿನ ಕೇಬಲ್ ಮಾಯವಾಗಿತ್ತು. ಈ ಸಲ ಯಾರಿಗೂ ತಿಳಿಯಬಾರದು ಎಂದು ಮಾವ, ಸಂಗಮೇಶ್ ಮಾತಾಡಿಕೊಂಡರು. ಬೆಳೆ ಕಾಯುವ ಬಂದೂಕಿಗೆ ಕೆಲವೊಮ್ಮೆ ವಿನಾಯಿತಿ ಕೊಡುವುದುಂಟು. ನಮಗೂ ಕೊಟ್ಟಿದ್ದಾರೆ ಎಂದು ಮಾವ ಚಿನ್ನಯ್ಯನ ಟೀ ಅಂಗಡಿಯಲ್ಲಿ ಕೂತು ಹೇಳಿ ಬಂದರು. ಸಂಗಮೇಶ್ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟು ಒಯ್ದು ಒಪ್ಪಿಸಿದರು.

ಗೋಡೆಯ ಮೇಲೆ ಎರಡು ಗೂಟ ಬರಿದಾಗಿ ಉಳಿದವು. ಜಗುಲಿಗೆ ಬಂದು ಕೂತವರಿಗೆ ಮೊದಲು ಕಾಣುವುದೇ ಆ ಗೋಡೆ.

ಆಗ ನನಗೊಂದು ಉಪಾಯ ಹೊಳೆಯಿತು. ಬಂದೂಕಿನ ಕ್ಯಾನ್ವಾಸ್ ಗವಸು ಮನೆಯಲ್ಲೇ ಇತ್ತು. ಹನಿ ನೀರಾವರಿಗೆ ತಂದು ಮಿಕ್ಕಿದ್ದ ಪಿವಿಸಿ ಪೈಪನ್ನು ಅಳತೆಗೆ ಕತ್ತರಿಸಿ ಅದರೊಳಗೆ ತೂರಿಸಿದೆ. ಹಿಡಿಯ ಕಡೆ ಉಬ್ಬು ಬರಲೆಂದು ಹಳೆಯ ಸೀರೆಯ ತುಂಡು ಸುತ್ತಿದೆ. ಗವಸು ಒಂದು ಕಡೆ ಹರಿದಿತ್ತು. ಅದನ್ನು ಎರಡೆಳೆ ದಾರದಲ್ಲಿ, ಗೋಣಿಸೂಜಿಯಿಂದ, ಒಂದು ಹೊಲಿಗೆಗೂ ಇನ್ನೊಂದಕ್ಕೂ ಅಂತರ ತಪ್ಪದಂತೆ ಹೊಲಿದೆ. ಗೂಟದ ಮೇಲೆ ತೂಗುಹಾಕಿ ಹಿಂದೆ ಸರಿದು ನೋಡಿದಾಗ ನನಗೇ ಅದು ಬಂದೂಕೆನ್ನಿಸಿತು. ಮಾವನವರು ಬಹಳ ದಿನಗಳ ಮೇಲೆ ನಕ್ಕರು. ಓದಿದ ಸೊಸೆ ಎಂದರೆ ಹೀಗಿರಬೇಕು ಎಂದರು. ಆ ಮಾತಿಗೆ ನಾನು ಉಬ್ಬಿದೆ.

ಸುಳ್ಳು ಎಂಬ ಪದವನ್ನು ನಾನು ಆಗ ಬಳಸಲಿಲ್ಲ. ಹೇಳದೆ ಇರುವುದು ಎಂದುಕೊಂಡೆ.

ಉಗಾದಿಯ ಮರುದಿನ ಸಂಜೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ನಮಸ್ಕಾರ ಮಾಡುವುದು ನಮ್ಮ ಕಡೆಯ ರೂಢಿ. ಕಾಟಣ್ಣ, ಯರ್ರಮ್ಮ ಇಬ್ಬರೂ ಬಂದರು. ಮಾವನವರಿಗೆ ನಮಸ್ಕರಿಸಿದ ಮೇಲೆ ಕಾಟಣ್ಣ ನಡುಮನೆಯ ಹೊಸ್ತಿಲ ಬಳಿ ನಿಂತು, ಗೋಡೆಯ ಮೇಲಿನ ಗವಸಿನ ಕಡೆ ಎರಡೂ ಕೈ ಎತ್ತಿ ಮುಗಿದು ಕಣ್ಣಿಗೊತ್ತಿಕೊಂಡ.

"ಇದೊಂದು ಐತೆ ಅಂತ ನಾವು ಕಣ್ಣು ಮುಚ್ತೀವಿ ಗೌಡ್ರೆ" ಎಂದ.

ಮಾವನವರು ಕೂತ್ಕೊ ಎಂದು ಜಗುಲಿಯ ಕಡೆ ಕೈ ತೋರಿದರು. ನಾನು ಹೋಳಿಗೆ ತರುವ ನೆಪದಲ್ಲಿ ಒಳಗೆ ಹೋದೆ. ಗುಡ್ಡದಲ್ಲಿ ಮರಿ ಕಟ್ಟಿಕೊಂಡ ಕರಡಿಯೊಂದು ಓಡಾಡುತ್ತಿದೆಯಂತೆ ಎಂದು ಯರ್ರಮ್ಮ ಹೊರಗೆ ಹೇಳುತ್ತಿದ್ದದ್ದು ಅಡುಗೆಮನೆಗೂ ಕೇಳಿಸಿತು. ತಟ್ಟೆ ಹಿಡಿದು ಹೊರಬಂದಾಗ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಬಲ್ಲಿನ ನೆನಪಾಯಿತು. ತುಪ್ಪ ಬಡಿಸಿದೆ.

ಅದಾದ ಮುಂದಿನ ವಾರ. ಶಾಲೆಗೆ ರಜೆ ಬಿಟ್ಟಿತ್ತು. ಸಂಗಮೇಶ್ ಚಳ್ಳಕೆರೆಯಲ್ಲಿದ್ದರು. ಬೆಳಕು ಹರಿಯುವ ಮುಂಚೆ ಕಾಟಣ್ಣನ ಕೂಗು ಕೇಳಿತು. ಮೊದಲು ತೆಲುಗಿನಲ್ಲಿ, "ಎಲುಗೊಡ್ಡು, ಎಲುಗೊಡ್ಡು" ಎಂದು ಕರಡಿಯ ಹೆಸರು ಹಿಡಿದು. ಆಮೇಲೆ ಸ್ಪಷ್ಟವಾಗಿ, ನಮ್ಮ ಮನೆಯ ದಿಕ್ಕಿಗೆ:

"ಗೌಡ್ರೆ, ತುಪಾಕಿ! ತುಪಾಕಿ ಹಾರಿಸ್ರಿ!"

ನಾನು ನಡುಮನೆಗೆ ಬಂದಾಗ ಮಾವನವರು ಆಗಲೇ ಗೋಡೆಯ ಬಳಿ ಇದ್ದರು. ಅಭ್ಯಾಸದ ಬಲದಿಂದ ಗವಸನ್ನು ಇಳಿಸಿ ಅದರ ಬಕಲ್ಲನ್ನು ಬಿಚ್ಚುತ್ತಿದ್ದರು. ಬೆರಳಿಗೆ ಪೈಪು ತಾಗಿತು. ಅವರು ನನ್ನ ಮುಖ ನೋಡಿದರು.

ಹೊರಗೆ ಇನ್ನೊಂದು ಕೂಗು. ನಾನು ಬಾಗಿಲ ಬಳಿ ಹೋಗಿ ಚಿಲಕದ ಮೇಲೆ ಕೈಯಿಟ್ಟೆ. ತೆಗೆಯಲಿಲ್ಲ. ಹಾಕಿದೆಯೋ ಇಲ್ಲವೋ ಎಂದು ಒತ್ತಿ ನೋಡಿದೆ.

ದೇವರ ಗೂಡಿನಲ್ಲಿ ಜಾಗಟೆ ಇತ್ತು. ಅಡುಗೆಮನೆಯಲ್ಲಿ ಖಾಲಿ ಎಣ್ಣೆ ಡಬ್ಬ, ತಾಮ್ರದ ಹಂಡೆ, ಹಿತ್ತಾಳೆಯ ಪರಾತ. ನಮ್ಮಿಬ್ಬರಿಗೂ ಗಂಟಲಿತ್ತು. ಇವೆಲ್ಲ ನನಗೆ ನೆನಪಾದದ್ದು ಮಧ್ಯಾಹ್ನ. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಸದ್ದು ಮಾಡುವ ವಸ್ತು ಎಂದರೆ ಒಂದೇ, ಅದು ಠಾಣೆಯಲ್ಲಿತ್ತು.

ಹಟ್ಟಿಯಿಂದ ಆಟೋ ಓಡಿಸುವ ಈರೇಶ್ ಮತ್ತಿತರರು ಕೋಲು ಹಿಡಿದು ಅರಚುತ್ತಾ ಓಡಿಬಂದರು. ಅವರ ಗದ್ದಲಕ್ಕೇ ಕರಡಿ ಮರಿಯೊಂದಿಗೆ ಗುಡ್ಡ ಹತ್ತಿತಂತೆ. ಕಾಟಣ್ಣನ ನೆತ್ತಿಯ ಚರ್ಮ ಕಿತ್ತುಬಂದಿತ್ತು. ಒಂದು ಕಣ್ಣು ಎಲ್ಲಿದೆಯೆಂದು ರಕ್ತದಲ್ಲಿ ಗೊತ್ತಾಗುತ್ತಿರಲಿಲ್ಲ. ಈರೇಶನ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಮೊಳಕಾಲ್ಮೂರಿಗೆ, ಅಲ್ಲಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದರು. ಆಟೋ ನಮ್ಮ ಮನೆಯ ಮುಂದೆ ಹಾದಾಗ ನಾನು ಬಾಗಿಲು ತೆಗೆದು ನಿಂತಿದ್ದೆ. ಆಗ ಬೆಳಕಾಗಿತ್ತು.

ಜನ ಜಗುಲಿಯ ಮುಂದೆ ಸೇರಿದರು. ಸಿಟ್ಟಿಗಿಂತ ಹೆಚ್ಚಾಗಿ ಅವರ ಮುಖದಲ್ಲಿ ಗುಂಡೇಕೆ ಹಾರಲಿಲ್ಲವೆಂದು ಅರ್ಥವಾಗದ ಭಾವವಿತ್ತು. ಹಟ್ಟಿಯವರ ಕೂಗು ಗೌಡರ ಮನೆಗೆ ಕೇಳುವುದಿಲ್ಲ ಎಂದು ಹಿಂದಿನಿಂದ ಒಬ್ಬ ಗೊಣಗಿದ. ಮಾವನವರು ಕಂಬ ಹಿಡಿದು ಎದ್ದು ನಿಂತರು.

"ತುಪಾಕಿ ಕುದುರೆ ಎಳೆದೆ ಕಣ್ರಪ್ಪ. ಗುಂಡು ಥಂಡಿ ಹಿಡಿದಿತ್ತು. ಹತ್ಲಿಲ್ಲ."

ಅವರು ಹಾಗೆ ಹೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಹೇಳಿದ ಮೇಲೆ ಅಲ್ಲವೆನ್ನಲು ಬಾಯಿ ಬರಲಿಲ್ಲ. ಜನ ನಂಬಿದರು. ನಂಬಿದ್ದಷ್ಟೇ ಅಲ್ಲ, ಪಾಪ ಮುದುಕ ಏನು ಮಾಡ್ಯಾರು ಎಂದು ಸಮಾಧಾನ ಹೇಳಿಹೋದರು. ಗೊಣಗಿದವನನ್ನು ಈರೇಶ್ ಗದರಿದ್ದೂ ಕೇಳಿಸಿತು.

ಮತದಾನ ಮುಗಿದ ಮೇಲೆ ಕಾಟಣ್ಣನನ್ನು ಮನೆಗೆ ಕರೆತಂದರು. ನೋಡಲು ಹೋದೆ. ಹಣ್ಣು ಒಯ್ದಿದ್ದೆ. ತಲೆಗೆ, ಎಡಗಣ್ಣಿಗೆ ಪಟ್ಟಿ ಕಟ್ಟಿತ್ತು. ಆ ಕಣ್ಣು ಇನ್ನಿಲ್ಲ ಎಂದು ಯರ್ರಮ್ಮ ಬಾಗಿಲಲ್ಲೇ ಪಿಸುಮಾತಿನಲ್ಲಿ ಹೇಳಿದಳು. ಒಳಕೋಣೆಯಲ್ಲಿ ನಾಗರತ್ನಳ ಮಗ್ಗ ಸದ್ದು ಮಾಡುತ್ತಿತ್ತು. ಕಾಟಣ್ಣ ಎದ್ದು ಕೂರಲು ಹೊರಟ. ಬೇಡವೆಂದೆ. ಏನು ಕೇಳಬೇಕೆಂದು ತಿಳಿಯದೆ, ಓಡಲು ಆಗಲಿಲ್ಲವೇ ಎಂದು ಕೇಳಿಬಿಟ್ಟೆ.

"ಓಡ್ಬೋದಿತ್ತಮ್ಮ. ಅದು ಇನ್ನಾ ಬದುವಿನ ಮ್ಯಾಲಿತ್ತು. ಹುಣಸೆಮರ ಹತ್ಬೋದಿತ್ತು. ಆದ್ರೆ ಕೂಗು ಹಾಕಿದ್ನಲ್ಲ. ಈಗ ಗುಂಡಿನ ಸದ್ದು ಬರ್ತೈತೆ, ಈಗ ಬರ್ತೈತೆ ಅಂತ ನಿಂತೇಬಿಟ್ಟೆ."

ಮಗ್ಗದ ಸದ್ದು ನಿಂತಿತು. ಅಥವಾ ನನಗೆ ಕೇಳಿಸದಾಯಿತು.

ಅವನು ನನ್ನನ್ನು ಸಮಾಧಾನ ಮಾಡತೊಡಗಿದ. ಯಂತ್ರ ಅಲ್ಲವೇ, ಒಂದೊಂದು ಸಲ ಕೈ ಕೊಡುತ್ತದೆ, ಗೌಡರು ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ಹೇಳಿ ಎಂದ. ಹೊಸ ಗುಂಡು ತಂದಿದ್ದಾರೆ ತಾನೇ ಎಂದು ಯರ್ರಮ್ಮ ಕೇಳಿದಳು. ನಾನು ತಲೆಯಾಡಿಸಿದೆ. ಅದು ಹೌದೆಂದೋ ಇಲ್ಲವೆಂದೋ ನೋಡಿದವರು ಹೇಳಬೇಕು. ಅವಳು ಹೌದೆಂದೇ ತಿಳಿದಳು.

ಮಾತು ಮುಂದುವರಿದಾಗ ವಿಷಯ ತಿಳಿಯಿತು. ಶೇಂಗಾ ಕೀಳಲು ಬಂದಿದೆ. ಬೇಸಿಗೆಯ ನೆಲ ಕಲ್ಲಾಗಿದೆ. ಕೀಳುವ ಮುಂಚೆ ಒಂದು ನೀರು ಕೊಟ್ಟು ಮಣ್ಣು ಸಡಿಲ ಮಾಡದಿದ್ದರೆ ಗಿಡ ಕೈಗೆ ಬಂದು ಕಾಯಿ ಭೂಮಿಯಲ್ಲೇ ಉಳಿಯುತ್ತದೆ. ನಾಳೆ ಬೆಳಗಿನ ಜಾವ ನಾಗರತ್ನ ಹೋಗಿ ಮೋಟರ್ ಹಾಕುತ್ತಾಳೆ.

ಒಬ್ಬಳೇಯಾ ಎಂದೆ. ಕರಡಿ ಅಲ್ಲೇ ಇದೆಯಲ್ಲ ಎಂದೆ.

"ಒಂದ್ ಸಲ ಥಂಡಿ ಹಿಡೀತು. ಎರಡನೇ ಸಲಾನೂ ಹಿಡೀತೈತಾ?" ಎಂದಳು ಯರ್ರಮ್ಮ. "ನೀವೈದೀರಲ್ಲ."

ಮನೆಗೆ ಬಂದು ಮಾವನವರ ಮುಂದೆ ನಿಂತೆ. ಹೇಳಿಬಿಡೋಣ ಎಂದೆ. ಕಳ್ಳರ ಮಾತು ಎತ್ತಬಹುದು, ಮನೆತನದ ಮಾತು ಎತ್ತಬಹುದು ಎಂದುಕೊಂಡು ಉತ್ತರ ಜೋಡಿಸಿಕೊಂಡಿದ್ದೆ. ಅವರು ಅದ್ಯಾವುದನ್ನೂ ಎತ್ತಲಿಲ್ಲ.

"ಅವ್ನು ಗುಂಡಿಗೆ ಕಾದು ನಿಂತಿದ್ದ ಅಂತೀಯಲ್ಲಮ್ಮ. ಗುಂಡೇ ಇರ್ಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಬೇಕಾದರೆ ನಾಗರತ್ನ ಹೋಗುವ ಹೊತ್ತಿಗೆ ನಾನೇ ಜಗುಲಿಯ ಮೇಲೆ ಕೂತಿರುತ್ತೇನೆ ಎಂದರು. ಸಂಗಮೇಶರಿಗೆ ಫೋನ್ ಮಾಡಿದೆ. ಹಿಂದೆ ಮೂಟೆಗಳ ಸದ್ದು, ಹಮಾಲರ ಕೂಗು. ಫಲಿತಾಂಶ ಬರುವ ತನಕ ಸುಮ್ಮನಿರು, ಬಂದೂಕು ಬಂದ ಮೇಲೆ ತಾನಾಗಿ ಸರಿಹೋಗುತ್ತದೆ ಎಂದರು. ಬೇಕಿದ್ದರೆ ಹುಡುಗಿಗೆ ಇನ್ನೇನಾದರೂ ನೆಪ ಹೇಳಿ ತಡೆ ಎಂದರು.

ನೆಪ ಹುಡುಕುವುದು ನನಗೆ ಕಷ್ಟವಲ್ಲ. ನಾಲ್ಕಾರು ಹೊಳೆದವು. ಹುಷಾರಿಲ್ಲ ಎನ್ನಬಹುದು. ನಮ್ಮ ಆಳನ್ನು ಕಳಿಸುತ್ತೇನೆ ಎನ್ನಬಹುದು. ಆದರೆ ಆ ಆಳೂ ಗುಂಡಿನ ಭರವಸೆಯ ಮೇಲೇ ಹೋಗಬೇಕಲ್ಲ. ನಾಳೆ ಇವಳನ್ನು ತಡೆದರೆ ನಾಡಿದ್ದು ಇನ್ನೊಬ್ಬರು. ಹಟ್ಟಿಯ ಒಂದೊಂದು ಮನೆಯೂ ನಮ್ಮ ಗೋಡೆಯನ್ನು ನಂಬಿಕೊಂಡು ಕತ್ತಲಲ್ಲಿ ಕಾಲಿಡುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಾನು ಹೇಳಿದ ಮಾತನ್ನೇ ತಿರುಗಿಸಿ ನೋಡಿದೆ. ಮನೆಯಲ್ಲಿ ಒಂದಿದೆ ಎಂದು ನಾಲ್ಕು ಜನಕ್ಕೆ ಗೊತ್ತಿದ್ದರೆ ಸಾಕು ಎಂದಿದ್ದೆ. ಕಳ್ಳರಿಗೆ ಅದು ಸಾಕಾಗಿತ್ತು, ನಿಜ. ಕರಡಿಗೆ ಆ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದವನು ಕಾಟಣ್ಣ ಒಬ್ಬನೇ.

ಸಂಜೆ, ದೀಪ ಹಚ್ಚುವ ಮುಂಚೆ, ಗೂಟದಿಂದ ಗವಸನ್ನು ಇಳಿಸಿ ಹೆಗಲಿಗೆ ಹಾಕಿಕೊಂಡೆ. ಮಾವನವರು ಜಗುಲಿಯ ಮೇಲಿದ್ದರು. ಎಲ್ಲಿಗೆ ಹೋಗ್ತೀಯಾ ಎಂದು ಕೇಳಿದರು. ಯರ್ರಕ್ಕನ ಮನೆಗೆ ಎಂದೆ. ಅವರು ತಡೆಯಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡರು.

ಹೊಲದ ದಾರಿಯಲ್ಲಿ ಎದುರಾದವರು ಬದಿಗೆ ಸರಿದು ದಾರಿ ಬಿಟ್ಟರು. ಬಂದೂಕು ಹೊತ್ತ ಹೆಂಗಸು ಎಂಬ ಮರ್ಯಾದೆ. ಆ ದಾರಿ ನನಗೆ ಎಂದೂ ಅಷ್ಟು ಉದ್ದವೆನ್ನಿಸಿರಲಿಲ್ಲ.

ಯರ್ರಮ್ಮ ನನ್ನ ಹೆಗಲು ನೋಡಿ ಗಾಬರಿಯಾದಳು. ಯಾತಕ್ಕೆ ತಂದ್ರಿ, ಮಕ್ಕಳಿರೋ ಹಟ್ಟಿ ಎಂದಳು. ನಾನು ಒಳಗೆ ಹೋಗಿ ಕಾಟಣ್ಣನ ಮಂಚದ ಪಕ್ಕ ಕೂತು ಬಕಲ್ ಬಿಚ್ಚಿದೆ. ಪೈಪನ್ನು ಎಳೆದು ನೆಲದ ಮೇಲಿಟ್ಟೆ. ಸುತ್ತಿದ್ದ ಸೀರೆಯ ತುಂಡು ಬಿಚ್ಚಿಕೊಂಡು ಅದರ ಹಿಂದೆಯೇ ಬಂತು.

"ತುಪಾಕಿ ಠಾಣೇಲೈತೆ ಕಾಟಣ್ಣ. ಉಗಾದಿಗೆ ಮುಂಚೇನೇ ಹೋತು. ಅವತ್ತೂ ಇರ್ಲಿಲ್ಲ."

ನಾಗರತ್ನ ಮಗ್ಗದಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಳು. ಬಗ್ಗಿ ಪೈಪನ್ನು ಎತ್ತಿಕೊಂಡಳು, ಒಂದು ತುದಿಗೆ ಕಣ್ಣಿಟ್ಟು ಇನ್ನೊಂದು ತುದಿಯಿಂದ ನನ್ನನ್ನು ನೋಡಿದಳು. ನಕ್ಕಳು. ಆ ನಗು ನನಗೆ ಏಟಿಗಿಂತ ಹೆಚ್ಚಾಯಿತು.

"ಅಪ್ಪಾ, ನೀನು ಉಗಾದಿ ಮರುದಿನ ಕೈ ಮುಗ್ದಿದ್ದು ಇದಕ್ಕೇ ನೋಡು. ನಮ್ ಹೊಲದಾಗೂ ಪೈಪು ಬಿದ್ದಾವೆ, ನಾಳೆಯಿಂದ ಅವಕ್ಕೂ ಮುಗಿ."

ಸುಮ್ನಿರೇ ಎಂದು ಕಾಟಣ್ಣ ಮಗಳನ್ನು ಗದರಿದ. ಗವಸನ್ನು ತನ್ನ ಕಡೆ ಎಳೆದುಕೊಂಡು, ಇರುವ ಒಂದು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಬೆರಳು ಹರಿದ ಜಾಗದ ಮೇಲೆ ನಿಂತಿತು.

"ಹೊಲಿಗೆ ಯಾರ್ದು?"

ನಂದೇ ಎಂದೆ.

"ಗಟ್ಟಿಯಾಗೈತೆ" ಎಂದು ಗವಸನ್ನು ಕಾಲ ಬಳಿ ಇಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿದ. ನಾನಿದ್ದಷ್ಟು ಹೊತ್ತೂ ಮತ್ತೆ ಈ ಕಡೆ ತಿರುಗಲಿಲ್ಲ.

ಬೈಯಲಿ ಎಂದು ಕಾಯುತ್ತಿದ್ದೆ. ಯರ್ರಮ್ಮ ಬೈಯಲು ಶಕ್ತಳು, ಹಟ್ಟಿಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಅವಳು ಒಲೆಯ ಮುಂದೆ ಕೂತು, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದಳು:

"ತುಪಾಕಿ ಬರೋಕ್ ಮುಂಚೆ ನಾವೇನು ಸತ್ತಿದ್ವಾ ಗೌರಮ್ಮ? ಇಲ್ಲ ಅಂತ ಒಂದ್ ಮಾತು ಅಂದಿದ್ರೆ ಡಬ್ಬ ಹಿಡ್ಕೊಂಡು ಹೋಗ್ತಿದ್ವಿ. ಅಟ್ಟದ ಮ್ಯಾಲೆ ಅಲ್ಲೇ ಐತೆ ನೋಡ್ರಿ ಡಬ್ಬ."

ನಾನು ತಲೆಯೆತ್ತಿ ನೋಡಿದೆ. ಇತ್ತು. ಒಂದು ಬದಿ ಬಡಿದು ಬಡಿದು ತಗ್ಗಾಗಿತ್ತು. ಮೇಲೆ ಧೂಳು.

ಮರುದಿನ ಬೆಳಗಿನ ಜಾವ ಹುಣಸೆಮರದ ಬಳಿಗೆ ಹೋದೆ. ಯಾರೂ ಕರೆದಿರಲಿಲ್ಲ. ಹಟ್ಟಿಯ ಹೆಂಗಸರು, ಗಂಡಸರು ಆಗಲೇ ಸೇರಿದ್ದರು. ಸುದ್ದಿ ಎಲ್ಲರಿಗೂ ಮುಟ್ಟಿತ್ತು ಎಂದು ಅವರ ಮಾತು ನಿಂತ ರೀತಿಯಲ್ಲೇ ತಿಳಿಯಿತು. ಗೌಡರು ಈ ಸಲ ಅಡುಗೆಮನೆಯ ಊದುಗೊಳವೆ ಕಳಿಸಿದ್ದಾರೇನೋ ನೋಡ್ರಿ ಎಂದು ಒಬ್ಬ ಹೆಂಗಸು ಹೇಳಿದಳು. ಕೆಲವರು ನಕ್ಕರು. ನಾನೂ ನಗಬೇಕೇನೋ ಎಂದು ಮುಖ ಸಡಿಲಿಸಿದೆ, ಆಗಲಿಲ್ಲ. ನಾನು ತಂದಿದ್ದು ನಮ್ಮ ಅಡುಗೆಮನೆಯ ಖಾಲಿ ಡಬ್ಬ. ಒಂದು ಏಟು ಹಾಕಿದೆ. ಸದ್ದು ಪೊಳ್ಳಾಗಿ, ಸಣ್ಣದಾಗಿ ಬಂತು. ನಾಗರತ್ನ ನನ್ನ ಕೈಯಿಂದ ಡಬ್ಬ ತೆಗೆದುಕೊಂಡು, ಮಗುಚಿ ಹಿಡಿದು, ತಳಕ್ಕೆ ಬಡಿದು ತೋರಿಸಿದಳು. ತಿರುಗಿ ಕೊಡಲಿಲ್ಲ.

"ನೀವು ನಡುವೆ ಬರ್ರಿ" ಎಂದಳು.

ಗುಂಪಿನ ನಡುವೆ ನಡೆಯುವುದು ಮಕ್ಕಳು, ಬಸುರಿಯರು, ಓಡಲಾರದ ಮುದುಕರು. ಉಳಿದವರು ಅವರ ಸುತ್ತ ಇರುತ್ತಾರೆ. ಕೂಗು ಕೇಳಿಯೂ ನಮ್ಮ ಮನೆಯ ಬಾಗಿಲು ತೆರೆಯಲಿಲ್ಲ ಎಂದು ಗೊತ್ತಿದ್ದೂ ಅವರು ನನ್ನನ್ನು ನಡುವೆ ಹಾಕಿಕೊಂಡರು. ಡಬ್ಬ ಬಡಿಯುತ್ತಾ, ಬೈಯುತ್ತಾ, ಕಾಟಣ್ಣನ ಹೊಲಕ್ಕೆ ಹೋದೆವು. ನಾಗರತ್ನ ಮೋಟರ್ ಹಾಕಿದಳು. ನೀರು ಬಂತು. ಬದುವಿನ ಮಣ್ಣು ಒಂದು ಕಡೆ ಕೆದರಿತ್ತು. ಅಲ್ಲಿ ಯಾರೂ ನಿಲ್ಲಲಿಲ್ಲ. ಗುಡ್ಡದ ಮೇಲೆ ಏನಾದರೂ ಅಲುಗಾಡಿತೋ ಎಂದು ನಾನು ತಿರುತಿರುಗಿ ನೋಡುತ್ತಿದ್ದೆ. ನನ್ನ ಮುಂದಿದ್ದವರು ಗಲಾಟೆ ಮಾಡುತ್ತಿದ್ದರಷ್ಟೇ, ಆ ಕಡೆ ನೋಡುತ್ತಿರಲಿಲ್ಲ. ಮರಳುವಾಗ ನಮ್ಮ ಜಗುಲಿಯ ಮೇಲೆ ಮಾವನವರು ಬಿಳಿ ಟವೆಲು ಹೊದ್ದು ಕೂತಿದ್ದರು. ಗುಂಪು ಅವರ ಮುಂದೆ ಹಾಯುವಾಗ ಡಬ್ಬದ ಸದ್ದು ಕಡಿಮೆಯಾಗಲಿಲ್ಲ.

ಅವರು ಒಮ್ಮೆಯಾದರೂ ಕಾಟಣ್ಣನ ಮನೆಗೆ ಹೋಗುತ್ತಾರೆಂದುಕೊಂಡಿದ್ದೆ. ಕೋಲು ಹಿಡಿದು ಎರಡು ಸಲ ಹೊರಟರು. ಎರಡು ಸಲವೂ ಹುಣಸೆಮರದ ತನಕ ಹೋಗಿ ಮರಳಿದರು.

ಜೂನ್ ತಿಂಗಳಲ್ಲಿ ಠಾಣೆಯಿಂದ ಮತ್ತೆ ಫೋನ್ ಬಂತು. ಸಂಗಮೇಶ್ ಕಂಬಳಿಯಲ್ಲಿ ಸುತ್ತಿದ ಬಂದೂಕನ್ನು ತಂದು ನಡುಮನೆಯಲ್ಲಿಟ್ಟರು. ನಾನು ಅದನ್ನು ಒಪ್ಪಿಸಿಬಿಡಿ ಎಂದೆ. ಅವರು, ಕೇಬಲ್ ಕಳುವಾದರೆ ನಿನ್ನ ಡಬ್ಬ ಕಾಯುತ್ತದೆಯೇ ಎಂದು ಕೇಳಿದರು. ನಾನಿನ್ನೂ ಸದ್ದುಗಳಿಗೆ ಕಾರಣ ಹುಡುಕುವವಳೇ. ಗೋಡೆಯ ಮೇಲೆ ಅದು ಇರುವ ದಿನ ನನಗೆ ಬೇಗ ನಿದ್ದೆ ಬರುತ್ತದೆ ಎಂಬುದು ಇನ್ನೊಂದು ನಾಚಿಕೆ.

ಮಾವನವರು ಗೂಟದ ಮೇಲಿಡುವ ಮುಂಚೆ ಅತ್ತಿತ್ತ ನೋಡಿ, ಗವಸು ಎಲ್ಲೈತಮ್ಮ ಎಂದರು. ಧೂಳು ಕೂರುತ್ತದೆ, ನಳಿಗೆ ತುಕ್ಕು ಹಿಡಿಯುತ್ತದೆ ಎಂದರು. ನಾನು ಹೇಳುವ ಅಗತ್ಯ ಬೀಳಲಿಲ್ಲ, ಅವರಿಗೇ ನೆನಪಾಯಿತು.

ಬಂದೂಕು ಈಗ ಬರಿಮೈಯಲ್ಲಿ ತೂಗುತ್ತಿದೆ. ಗವಸು ಯರ್ರಮ್ಮನ ಮನೆಯಲ್ಲಿದೆ. ಹೋಗಿ ಕೇಳಲು ನಮ್ಮಲ್ಲಿ ಯಾರಿಗೂ ಮುಖವಿಲ್ಲ.